ರಾಣಿಯ ಪಾತ್ರ ಬಿಟ್ಟುಕೊಟ್ಟವರು

ಅವರಿಗೆ ಎರಡು ಸ್ವರಗಳಿದ್ದವು. ಒಂದು ಬಸ್ಸಿನದು. ಉಪ್ಪಿನಂಗಡಿ ಬಿಟ್ಟ ಮೇಲೆ ಹಿಂದಿನ ಬಾಗಿಲಲ್ಲಿ ಜೋತುಬಿದ್ದು "ಕೊಯಿಲ, ಆಲಂಕಾರು, ಕಡಬ!" ಎಂದು ಅವರು ಕೂಗಿದರೆ ಗುಡ್ಡೆಯಲ್ಲಿ ಸೊಪ್ಪು ಕಡಿಯುತ್ತಿದ್ದವರು ಕತ್ತಿ ಅಲ್ಲೇ ಬಿಟ್ಟು ಓಡಿ ಬರುತ್ತಿದ್ದರು. ಇನ್ನೊಂದು ಸ್ವರ ವರ್ಷಕ್ಕೆ ಒಂದೆರಡು ಸಲ ಮಾತ್ರ ಹೊರಗೆ ಬರುತ್ತಿತ್ತು. ಕಡಬದ ಶಾಲೆಯ ಮೈದಾನದಲ್ಲಿ, ಪರದೆ ಎದ್ದ ಮೇಲೆ, ರಾಣಿಯ ವೇಷದಲ್ಲಿ. ಅದು ಗಂಡಸಿನ ಸ್ವರವಲ್ಲ, ಗಂಡಸು ಹೆಂಗಸಿನ ಹಾಗೆ ಎಳೆದು ಮಾತಾಡುವ ಸ್ವರವೂ ಅಲ್ಲ. ಒಳಗಿನ ಕೋಣೆಯಿಂದ ಯಾರೋ ಹೆಂಗಸು ತನ್ನಷ್ಟಕ್ಕೆ ಮಾತಾಡಿಕೊಳ್ಳುವುದು ನಮ್ಮ ಕಿವಿಗೆ ಬಿದ್ದ ಹಾಗೆ ಇರುತ್ತಿತ್ತು.

ಉದ್ದಕ್ಕೆ, ತೆಳ್ಳಗೆ ಇದ್ದರು. ಖಾಕಿ ಅಂಗಿಯ ಭುಜ ಯಾವಾಗಲೂ ಒಂದಿಷ್ಟು ಜಾರಿದಂತೆ ಕಾಣುತ್ತಿತ್ತು. ಆ ಕಾಲದಲ್ಲಿ ಮೀಸೆಯಿಲ್ಲದ ಕಂಡಕ್ಟರು ನಮ್ಮ ದಾರಿಯಲ್ಲಿ ಅವರೊಬ್ಬರೇ. ಹಿಂದಿನ ಸೀಟಿನ ಪಡ್ಡೆ ಹುಡುಗರು "ರಾಣೀ, ಇಲ್ಲಿಗೊಂದು ಟಿಕೇಟು" ಎಂದು ಕರೆಯುತ್ತಿದ್ದರು. ಅವರಿಗೆ ಸಿಟ್ಟು ಬರುತ್ತಿರಲಿಲ್ಲ. "ರಾಣಿ ಸತ್ತು ಒಂದು ವಾರ ಆಯ್ತು ಮಾರಾಯ. ನೀನು ಮೊದಲು ಚಿಲ್ಲರೆ ತೆಗಿ" ಎಂದು ಕೈ ಚಾಚುತ್ತಿದ್ದರು.

ಒಮ್ಮೆ ಆಲಂಕಾರಿನಲ್ಲಿ ಹತ್ತಿದ ಮುದುಕಿಯೊಬ್ಬಳು ಅವರ ಕೈ ಹಿಡಿದುಕೊಂಡು, "ಆ ಪಾಪಿ ನಿನಗೆ ವಿಷ ಕೊಟ್ಟುಬಿಟ್ಟ ಮಗಾ, ನೀನು ಯಾಕೆ ಕುಡಿದದ್ದು?" ಎಂದು ತುಳುವಿನಲ್ಲಿ ಕೇಳುತ್ತಾ ಅತ್ತಳು. ಬಸ್ಸಿನವರೆಲ್ಲ ನಕ್ಕರು. ಅವರು ಮಾತ್ರ ನಗಲಿಲ್ಲ. ಮುದುಕಿಯನ್ನು ಕಿಟಕಿಯ ಬದಿ ಕೂರಿಸಿ, ಬಗ್ಗಿ ಅವಳ ಕಿವಿಯಲ್ಲಿ ಏನೋ ಹೇಳಿದರು. ಎಂತ ಹೇಳಿದ್ದೆಂದು ಆಮೇಲೆ ಕೇಳಿದ್ದಕ್ಕೆ, "ಕುಡಿಯದಿದ್ರೆ ಅವನು ಇನ್ನೂ ಸಣ್ಣವನಾಗ್ತಿದ್ದ ಅಜ್ಜೀ, ಹಾಗೆ ಕುಡಿದೆ ಅಂತ ಹೇಳಿದೆ" ಅಂದರು. ಅದು ನಾಟಕದಲ್ಲಿ ಇರುವ ಮಾತಲ್ಲ. ಅವರೇ ಯೋಚನೆ ಮಾಡಿದ್ದು.

ಕಡಬದಲ್ಲಿ ಅಕ್ಕಿ ಮಿಲ್ಲಿನ ಹಿಂದೆ ಒಂದು ಕೋಣೆಯಲ್ಲಿ ಒಬ್ಬರೇ ಇದ್ದರು. ಮದುವೆಯ ಮಾತು ಒಂದೆರಡು ಕಡೆ ಆಗಿತ್ತಂತೆ. "ಹುಡುಗಿಯ ಅಪ್ಪ ನಾಟಕಕ್ಕೆ ಬಂದಿದ್ರು. ತನ್ನ ಮಗಳಿಗಿಂತ ನಾನೇ ಚಂದ ಕಂಡೆ ಅಂತ ಹೆದರಿ ಓಡಿದ್ರು" ಎಂದು ಹೇಳಿ ನಗಿಸುತ್ತಿದ್ದರು. ನಗಿಸಿದ ಮೇಲೆ ಬಾಗಿಲ ಕಂಬಿಗೆ ಒರಗಿ ಹೊರಗೆ ನೋಡುತ್ತಾ ನಿಲ್ಲುತ್ತಿದ್ದರು. ಹಾಗೆ ನಿಂತಾಗ ಯಾರೂ ಅವರನ್ನು ಮಾತಾಡಿಸುತ್ತಿರಲಿಲ್ಲ.

ನಾನು ಕೊಯಿಲದ ಶಾಲೆಗೆ ಟೀಚರಾಗಿ ಬಂದದ್ದು ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ. ಆಗಷ್ಟೇ ಮದುವೆಯಾಗಿತ್ತು. ನನ್ನ ಯಜಮಾನರು ಪುತ್ತೂರಿನಲ್ಲಿ ಅಡಿಕೆ ಮಂಡಿಯೊಂದರಲ್ಲಿ ಕೆಲಸಕ್ಕಿದ್ದರು. ಶನಿವಾರ ಸಂಜೆ ಇದೇ ಬಸ್ಸಿನಲ್ಲಿ ಬಂದು ಸೋಮವಾರ ಬೆಳಿಗ್ಗೆ ಹೋಗುವುದು. ಜಾನುವಾರು ಫಾರ್ಮಿನ ಬೇಲಿಯ ಎದುರು ಒಂದು ಸಣ್ಣ ಬಾಡಿಗೆ ಮನೆ ಹಿಡಿದಿದ್ದೆವು. ಯಜಮಾನರು ಮಾತು ಕಡಿಮೆಯ ಮನುಷ್ಯ. ಊಟಕ್ಕೆ ಕೂತರೆ ಎಲೆಯನ್ನು ನೋಡಿಯೇ ಊಟ ಮುಗಿಸುವವರು. ಆದರೆ ಕೆಟ್ಟವರಲ್ಲ. ಬರುವಾಗ ಮಲ್ಲಿಗೆಯನ್ನು ಬಾಳೆಲೆಯಲ್ಲಿ ಸುತ್ತಿ ತರುತ್ತಿದ್ದರು. ಅದನ್ನು ನನ್ನ ಕೈಗೆ ಕೊಡುವುದಿಲ್ಲ. ಕಿಟಕಿಯ ದಂಡೆಯಲ್ಲಿ ಇಟ್ಟು ಕೈಕಾಲು ತೊಳೆಯಲು ಹೋಗುವುದು. ಅದು ಅವರ ಪ್ರೀತಿ ಎಂದು ನನಗೆ ಗೊತ್ತಿತ್ತು.

ಕಡಬದ ಹೈಸ್ಕೂಲಿನಲ್ಲಿ ಕನ್ನಡ ಪಂಡಿತರೊಬ್ಬರಿದ್ದರು. ದುರಂತ ನಾಟಕ ಎಂದರೆ ಅವರಿಗೆ ಪ್ರಾಣ. ಬೇರೆ ಬೇರೆ ದೇಶಗಳ ಹಳೆಯ ದುರಂತಗಳನ್ನೆಲ್ಲ ಓದಿ, ಕೊನೆಗೆ ತಮ್ಮದೇ ಒಂದು ನಾಟಕ ಬರೆದಿದ್ದರು. ಯುದ್ಧ ಗೆದ್ದು ಬಂದ ಅರಸ, ಅವನ ನಿರಪರಾಧಿ ರಾಣಿ, ರಾಣಿಯ ಮೇಲೆ ಮತ್ಸರಪಡುವ ಸಖಿ. ಸಖಿ ಅರಸನಿಗೆ ಇಲ್ಲದ್ದನ್ನು ಹೇಳುತ್ತಾಳೆ. ಅರಸ ನಂಬುತ್ತಾನೆ, ಹಾಲಿನಲ್ಲಿ ವಿಷ ಬೆರೆಸಿ ಕಳಿಸುತ್ತಾನೆ. ರಾಣಿ ತಿಳಿದೂ ಕುಡಿಯುತ್ತಾಳೆ. ಅವಳು ಸತ್ತ ಮೇಲೆ ಸಖಿ ಬಾಯಿಬಿಡುತ್ತಾಳೆ. "ದುರಂತದಲ್ಲಿ ಶತ್ರು ಕೋಟೆಯ ಹೊರಗೆ ಇರುವುದಿಲ್ಲ, ನಮ್ಮ ಪಕ್ಕದಲ್ಲೇ ಕೂತು ಎಲೆಅಡಿಕೆ ಹಾಕುತ್ತಾ ಇರುತ್ತಾನೆ" ಎಂದು ಪಂಡಿತರು ರಿಹರ್ಸಲ್ಲಿನಲ್ಲಿ ಹೇಳುತ್ತಲೇ ಇರುತ್ತಿದ್ದರು. ಹತ್ತು ಹದಿನೈದು ವರ್ಷ ಅದೇ ನಾಟಕ ನಡೆಯಿತು. ಅರಸರು ಬದಲಾದರು, ಸಖಿಯರು ಬದಲಾದರು. ರಾಣಿ ಮಾತ್ರ ನಮ್ಮ ಕಂಡಕ್ಟರೇ.

ನಾನು ಪುತ್ತೂರಿನ ಕಾಲೇಜಿನಲ್ಲಿ ನಾಟಕ ಮಾಡಿದ್ದೆ ಎಂಬ ಸುದ್ದಿ ಪಂಡಿತರ ಕಿವಿಗೆ ಹೇಗೋ ಬಿತ್ತು. ಒಂದು ಸಂಜೆ ನನ್ನನ್ನೂ ನಾಟಕದವರೆಲ್ಲರನ್ನೂ ಕರೆದು ಕೂರಿಸಿ, "ಈಗ ಕಾಲ ಬದಲಾಗಿದೆ. ಎಲ್ಲ ಕಡೆ ಹೆಂಗಸಿನ ಪಾತ್ರ ಹೆಂಗಸರೇ ಮಾಡುದು. ಈ ಸಲ ರಾಣಿ ಟೀಚರು ಮಾಡ್ಲಿ" ಅಂದರು. ಎಲ್ಲರೂ ಕಂಡಕ್ಟರ ಮುಖ ನೋಡಿದರು. ಅವರು ತೊಡೆಯ ಮೇಲಿದ್ದ ಚರ್ಮದ ಚೀಲದ ಬಕಲು ಬಿಚ್ಚಿ ಮತ್ತೆ ಹಾಕಿದರು.

"ಒಳ್ಳೆದೇ ಆಯ್ತು" ಅಂದರು. "ನನಗೂ ವಯಸ್ಸಾಯ್ತು. ಮುಖಕ್ಕೆ ಬಣ್ಣ ಎರಡು ಪಟ್ಟು ಬೇಕಾಗ್ತದೆ."

"ಸಖಿ ನೀವು ಮಾಡ್ಬೇಕು" ಎಂದರು ಪಂಡಿತರು.

"ಮಾಡುವ."

ನನ್ನ ಯಜಮಾನರನ್ನು ಕೇಳಿದ್ದೆ. "ನಿನಗೆ ಇಷ್ಟ ಉಂಟಾದ್ರೆ ಮಾಡು" ಎಂದಿದ್ದರು. ಅದಕ್ಕಿಂತ ಹೆಚ್ಚು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ನನಗೆ ಆ ಪಾತ್ರ ಕಲಿಸಿದವರು ಪಂಡಿತರಲ್ಲ. ಶಾಲೆ ಬಿಟ್ಟ ಮೇಲೆ ಕೊಯಿಲದಿಂದ ಕಂಡಕ್ಟರ ಬಸ್ಸಿನಲ್ಲೇ ಕಡಬಕ್ಕೆ ಹೋಗುತ್ತಿದ್ದೆ. ಬಸ್ಸು ಅಲ್ಲಿ ತಿರುಗಿ ಹೊರಡಲು ಒಂದು ಗಂಟೆಗಿಂತ ಹೆಚ್ಚು ಹೊತ್ತು ನಿಲ್ಲುತ್ತಿತ್ತು. ಆ ಹೊತ್ತಿನಲ್ಲಿ ರಿಹರ್ಸಲ್ಲು. ಕತ್ತಲಾಗುವಾಗ ಅದೇ ಬಸ್ಸಿನಲ್ಲಿ ವಾಪಸು. ಹೋಗುವಾಗ, ಬರುವಾಗ, ಟಿಕೇಟು ಹರಿಯುವ ಮಧ್ಯೆ ನನ್ನ ಸೀಟಿನ ಪಕ್ಕ ನಿಂತು ಅವರು ಕಲಿಸುತ್ತಿದ್ದರು. ಪ್ರಯಾಣಿಕರ ಹತ್ತಿರ ತುಳು, ಟೀಚರುಗಳ ಹತ್ತಿರ ಕನ್ನಡ. ಅದು ಅವರ ನಿಯಮ.

"ಕೂತ್ಕೊಳ್ಳುವಾಗ ಮೊದಲು ಸೀರೆಯ ನಿರಿಗೆ ಹಿಡಿಬೇಡಿ. ರಾಣಿಗೆ ಸೀರೆಯ ಚಿಂತೆ ಇಲ್ಲ" ಎಂದರು ಒಂದು ದಿನ.

ನನಗೆ ನಗು ಬಂತು. "ಹೆಂಗಸು ಹೇಗೆ ಕೂತ್ಕೊಳ್ಳುದು ಅಂತ ನೀವು ನನಗೆ ಹೇಳಿಕೊಡುದಾ ಕಂಡಕ್ಟ್ರೆ? ನಾನು ಹೆಂಗಸೇ ಅಲ್ವಾ?"

"ನೀವು ಹೆಂಗಸು ಹೌದು ಟೀಚರೇ. ಆದ್ರೆ ಸ್ಟೇಜಿನಲ್ಲಿ ಅದು ಕಾಣುದಿಲ್ಲ" ಎಂದು ಹೇಳಿ, ಸೀಟಿ ಊದಿ, ರಾಮಕುಂಜದ ಬದಿಯ ಯಾರನ್ನೋ ಇಳಿಸಲು ಹೋದರು.

ಸಾವಿನ ದೃಶ್ಯ ನನಗೆ ಬರುತ್ತಲೇ ಇರಲಿಲ್ಲ. ನಾನು ಬೊಬ್ಬೆ ಹಾಕುತ್ತಿದ್ದೆ. ಕಾಲೇಜಿನಲ್ಲಿ ಹಾಗೇ ಮಾಡಿ ಚಪ್ಪಾಳೆ ಸಿಕ್ಕಿತ್ತು. ಅವರು ಒಂದು ಸಂಜೆ ಕಡಬದ ಶಾಲೆಯ ಜಗುಲಿಯಲ್ಲಿ, ಖಾಕಿ ಅಂಗಿಯಲ್ಲೇ, ಚೀಲವನ್ನು ಪಕ್ಕಕ್ಕಿಟ್ಟು ತೋರಿಸಿದರು. ಬಟ್ಟಲು ಹಿಡಿದರು, ಕುಡಿದರು, ಬಟ್ಟಲನ್ನು ನಿಧಾನಕ್ಕೆ ಕೆಳಗಿಟ್ಟರು. ಆಮೇಲೆ ಏನೂ ಆಗದ ಹಾಗೆ ಅರಸನ ಹೆಗಲಿನ ಧೂಳು ಕೊಡವಿದರು. ಮತ್ತೊಮ್ಮೆ ಕೊಡವಲು ಕೈ ಎತ್ತಿದರು. ಆ ಕೈ ಹೆಗಲಿನವರೆಗೆ ತಲುಪಲಿಲ್ಲ.

"ಬೊಬ್ಬೆ ಹಾಕಿದ್ರೆ ಜನ ಹೆದರ್ತಾರೆ ಅಷ್ಟೆ. ಅಳುದಿಲ್ಲ" ಎಂದರು ಮೇಲೆ ಏಳುತ್ತಾ. "ಅವನ ಮೇಲೆ ಸಿಟ್ಟು ಇಲ್ಲದೆ ಸಾಯ್ಬೇಕು. ಆಗ ಜನರಿಗೆ ತಡ್ಕೊಳ್ಳಿಕ್ಕೆ ಆಗುದಿಲ್ಲ."

ಅಂದು ವಾಪಸು ಬರುವಾಗ ಅವರು ನನ್ನ ಹತ್ತಿರ ಬಂದು ನಿಲ್ಲಲಿಲ್ಲ. ಹಿಂದಿನ ಬಾಗಿಲಲ್ಲೇ ಇದ್ದರು. ನನ್ನ ಮನಸ್ಸು ಆ ಕೈಯ ಮೇಲೇ ಇತ್ತು. ಬೇರೆ ಯಾವುದನ್ನೂ ನಾನು ಗಮನಿಸಲಿಲ್ಲ.

ಆ ವರ್ಷ ಅರಸನ ಪಾತ್ರಕ್ಕೆ ಬಂದವನು ಮತ್ತಾಯಿ. ನೆಲ್ಯಾಡಿ ಕಡೆ ರಬ್ಬರು ಹಾಕಿದ ಕೇರಳದ ಮನೆತನದ ಯುವಕ. ಕನ್ನಡದಲ್ಲಿ ಮಲಯಾಳದ ಎಳೆತ ಸ್ವಲ್ಪ ಇತ್ತು, ಆದರೆ ನಿಂತರೆ ಅರಸನೇ. ಒಂದು ಜೀಪಿನಲ್ಲಿ ಬಂದು ಹೋಗುತ್ತಿದ್ದ. ನಾಟಕಕ್ಕೆ ಒಂದು ವಾರ ಇರುವಾಗ, ರಿಹರ್ಸಲ್ಲು ಮುಗಿಯುವ ಹೊತ್ತಿಗೆ ಬಸ್ಸು ಹಾಳಾಯಿತು. ಡ್ರೈವರು ಬಸ್ಸಿನಡಿಯಿಂದ ಎದ್ದು ಬಂದು, ನಾಳೆ ಪುತ್ತೂರಿನಿಂದ ಸಾಮಾನು ಬರದೆ ಇದು ಅಲ್ಲಾಡುವುದಿಲ್ಲ ಎಂದರು. ಆಗ ನನ್ನನ್ನು ಜೀಪಿಗೆ ಹತ್ತಿಸಿದವರು ಕಂಡಕ್ಟರೇ.

"ಮತ್ತಾಯಿ, ಟೀಚರನ್ನು ಮನೆಯ ಬಾಗಿಲಲ್ಲಿ ಬಿಡ್ಬೇಕು. ಪಂಡಿತ್ರೇ, ನೀವೂ ಹತ್ತಿ. ಕೊಯಿಲದವರೆಗೆ ಹೋಗಿ ಜೀಪಿನಲ್ಲೇ ವಾಪಸು ಬನ್ನಿ. ಟೀಚರು ಒಬ್ಬರೇ ಹೋಗುದು ಬೇಡ" ಎಂದು ಪಂಡಿತರನ್ನು ತಳ್ಳಿದ ಹಾಗೆ ಹತ್ತಿಸಿದರು. ಪಂಡಿತರು ದಾರಿಯುದ್ದಕ್ಕೂ ದುರಂತದ ಬಗ್ಗೆ ಮಾತಾಡಿದರು. ನನ್ನನ್ನು ಬಾಗಿಲಲ್ಲಿ ಬಿಟ್ಟು ಇಬ್ಬರೂ ಹೋದರು. ಆಗಿದ್ದು ಇಷ್ಟೇ.

ನಾಟಕದ ದಿನ ನನ್ನ ಯಜಮಾನರು ಮುಂದಿನ ಸಾಲಿನಲ್ಲಿ ಕೂತಿದ್ದರು. ನಾನು ಬಟ್ಟಲು ಕೆಳಗಿಟ್ಟೆ. ಮತ್ತಾಯಿಯ ಹೆಗಲಿನ ಧೂಳು ಕೊಡವಿದೆ. ಮತ್ತೊಮ್ಮೆ ಕೈ ಎತ್ತಿದೆ. ಮೈದಾನದಲ್ಲಿ ಮೊದಲು ಒಬ್ಬಳು ಹೆಂಗಸು ಬಿಕ್ಕಿದ್ದು ಕೇಳಿತು, ಆಮೇಲೆ ಎಷ್ಟೋ ಮಂದಿ. ಸಖಿಯ ವೇಷದಲ್ಲಿ ಅವರು ಸ್ಟೇಜಿನ ಮೂಲೆಯಲ್ಲಿ ತಲೆ ತಗ್ಗಿಸಿ ನಿಲ್ಲಬೇಕಿತ್ತು. ಬಿದ್ದಲ್ಲಿಂದ ನನಗೆ ಅವರ ಮುಖ ಕಾಣುತ್ತಿತ್ತು. ಅವರು ತಲೆ ತಗ್ಗಿಸಿರಲಿಲ್ಲ. ಜನರನ್ನು ನೋಡುತ್ತಿದ್ದರು.

ಮುಗಿದ ಮೇಲೆ ಎಲ್ಲರೂ ನನ್ನ ಸುತ್ತ ಸೇರಿದರು. ಅವರು ಯಾವಾಗ ಹೋದರೋ ಗೊತ್ತಿಲ್ಲ. ಮರುದಿನ ಬೆಳಿಗ್ಗೆ ನಾವು ಕೊಯಿಲಕ್ಕೆ ವಾಪಸು ಬರುವ ಬಸ್ಸಿನಲ್ಲಿ ಅವರ ಕಣ್ಣಿನಲ್ಲಿ ಕಾಡಿಗೆ ಹಾಗೇ ಇತ್ತು. ಯಾರೋ ಒಬ್ಬರು ಮುಂದಿನ ಸೀಟಿನಿಂದ, "ಟೀಚರು ನಿಮಗಿಂತ ಒಂದು ಕೈ ಮೇಲೆ ಮಾಡಿದ್ರು ಮಾರಾಯ್ರೆ! ಹೆಂಗಸು ಹೆಂಗಸೇ!" ಎಂದು ಕೂಗಿ ಹೇಳಿದರು.

"ಟಿಕೇಟ್, ಟಿಕೇಟ್" ಎಂದರು ಅವರು.

ಊರಿನಲ್ಲಿ ಮಾತು ಹೇಗೆ ಹುಟ್ಟಿತು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಯಾರೋ ಒಬ್ಬ ಹುಟ್ಟಿಸಿದ್ದು ಇರಲಿಕ್ಕಿಲ್ಲ. ಸ್ಟೇಜಿನಲ್ಲಿ ಅರಸನ ಹೆಗಲು ಮುಟ್ಟಿದ ಟೀಚರು, ಅವನ ಜೀಪು, ಶನಿವಾರ ಮಾತ್ರ ಮನೆಗೆ ಬರುವ ಗಂಡ. ಮಾತು ಬೆಳೆಯಲು ಅಷ್ಟು ಸಾಕಾಯಿತು. ಅದು ಪುತ್ತೂರಿನ ಮಂಡಿಯವರೆಗೂ ಹೋಯಿತು.

ಮುಂದಿನ ಶನಿವಾರ ಯಜಮಾನರು ಬಸ್ಸಿಳಿದು ಬಂದವರು ಕಿಟಕಿಯ ಹತ್ತಿರ ಹೋಗಲಿಲ್ಲ. ಜಗುಲಿಯಲ್ಲೇ ನಿಂತು ಕೇಳಿದರು.

"ನೀನು ಮತ್ತಾಯಿಯ ಜೀಪಿನಲ್ಲಿ ಬಂದದ್ದು ಹೌದಾ?"

"ಹೌದು. ಬಸ್ಸು ಹಾಳಾಗಿತ್ತು. ಕಂಡಕ್ಟರೇ ಹತ್ತಿಸಿ ಕಳಿಸಿದ್ದು. ಜೊತೆಗೆ ಪಂಡಿತ್ರಿದ್ರು."

"ಕಂಡಕ್ಟರು ಹಾಗೆ ಹೇಳ್ಲಿಲ್ಲ."

"ಮತ್ತೆ ಎಂತ ಹೇಳಿದ್ರು?"

"'ಹೌದು, ಜೀಪಿನಲ್ಲಿ ಹೋದ್ರು' ಅಂತ ಹೇಳಿದ್ರು. 'ಒಬ್ಬಳೇ ಹೋದದ್ದಾ?' ಅಂತ ಕೇಳಿದೆ. ಉತ್ತರ ಇಲ್ಲ. ಎರಡು ಸಲ ಕೇಳಿದೆ. ಮುಖ ಆಚೆ ತಿರುಗಿಸಿದ್ರು. ಇಲ್ಲದ್ದಾಗಿದ್ರೆ ಇಲ್ಲ ಅಂತ ಹೇಳ್ಲಿಕ್ಕೆ ಅವರಿಗೆ ಎಂತ ಕಷ್ಟ?"

ಕಂಡಕ್ಟರು ಸುಳ್ಳು ಹೇಳಿದ್ದರೆ ಅದಕ್ಕೆ ಎದುರು ಮಾತಾಡಬಹುದಿತ್ತು. ಅವರು ಹೇಳಿದ್ದು ಸತ್ಯವೇ. ಅರ್ಧಕ್ಕೆ ನಿಲ್ಲಿಸಿದ್ದರು, ಅಷ್ಟೆ. ಪಂಡಿತರು ಮರುದಿನ ತಾವಾಗಿ ಬಂದು ತಲೆಯ ಮೇಲೆ ಕೈಯಿಟ್ಟು, ತಾವೂ ಜೀಪಿನಲ್ಲಿದ್ದದ್ದು ಹೌದೆಂದು ಹೇಳಿದರು. ಯಜಮಾನರು ಕೇಳಿಸಿಕೊಂಡು, "ನೀವು ನಾಟಕದವರು ಒಬ್ಬರನ್ನೊಬ್ಬರು ಬಿಟ್ಟುಕೊಡುದಿಲ್ಲ" ಎಂದು ಒಳಗೆ ಹೋದರು.

ಸೋಮವಾರ ಯಜಮಾನರು ಬೇರೆ ಬಸ್ಸಿನಲ್ಲಿ ಹೋದರು. ನಾನು ಕಂಡಕ್ಟರ ಬಸ್ಸಿಗೆ ಕಾದು ನಿಂತೆ. ಹತ್ತಲಿಲ್ಲ. ಬಾಗಿಲಿನ ಕೆಳಗೆ ನಿಂತು, "ಕಂಡಕ್ಟ್ರೆ, ಪಂಡಿತ್ರನ್ನು ನೀವೇ ಹತ್ತಿಸಿದ್ದಲ್ವಾ? ಅಷ್ಟು ಇವರಿಗೆ ಹೇಳಿ. ನಿಮ್ಮ ಮಾತು ಮಾತ್ರ ಇವರು ಕೇಳ್ತಾರೆ" ಅಂದೆ.

ಅವರು ನನ್ನನ್ನು ನೋಡಲಿಲ್ಲ. "ಹೇಳ್ತೇನೆ ಟೀಚರೇ" ಎಂದು ಸೀಟಿ ಊದಿದರು.

ಹೇಳಲಿಲ್ಲ. ಒಂದು ಶನಿವಾರ ಕಾದೆ, ಇನ್ನೊಂದು ಶನಿವಾರ ಕಾದೆ. ಬಸ್ಸು ಬಂದು ನಿಲ್ಲುತ್ತಿತ್ತು, ಫಾರ್ಮಿನ ಆಳುಗಳು ಇಳಿಯುತ್ತಿದ್ದರು, ಬಸ್ಸು ಹೋಗುತ್ತಿತ್ತು. ಯಜಮಾನರು ಬರಲಿಲ್ಲ. ಜಗಳವೂ ಆಗಲಿಲ್ಲ. ಅವರ ಅಣ್ಣ ಒಂದು ದಿನ ಬಂದು ಬಟ್ಟೆಯ ಪೆಟ್ಟಿಗೆ ತೆಗೆದುಕೊಂಡು ಹೋದರು. ಹೋಗುವಾಗ, "ನಿನ್ನ ಮೇಲೆ ನಮಗೆ ಎಂತದೂ ಇಲ್ಲಮ್ಮ. ಆದ್ರೆ ಅವನು ಕೇಳುದಿಲ್ಲ" ಎಂದರು. ಪಂಡಿತರ ನಾಟಕದಲ್ಲಾದರೆ ಕೊನೆಗೆ ಅರಸ ರಾಣಿಯ ಹೆಣದ ಮೇಲೆ ಬಿದ್ದು ಅಳುತ್ತಾನೆ, ಸಖಿ ಎದೆ ಬಡಿದುಕೊಳ್ಳುತ್ತಾಳೆ, ಎಲ್ಲ ಗೊತ್ತಾಗುತ್ತದೆ, ಪರದೆ ಬೀಳುತ್ತದೆ. ನನಗೆ ಮರುದಿನ ಎಂಟನೆಯ ಕ್ಲಾಸಿಗೆ ಗಣಿತ ಇತ್ತು.

ಅದೇ ನಾಟಕಕ್ಕೆ ಸುಳ್ಯದಿಂದ ಕರೆ ಬಂದಿತ್ತು. ನಾನು ಹೋಗುವ ಹಾಗಿರಲಿಲ್ಲ. ಮತ್ತಾಯಿಯೂ ತಾನು ಇಲ್ಲ ಎಂದ. ನನ್ನ ಮನೆಗೆ ಬಂದು ಯಜಮಾನರೊಡನೆ ಮಾತಾಡುತ್ತೇನೆ ಎಂದು ಹೊರಟವನನ್ನು ಪಂಡಿತರೇ ತಡೆದಿದ್ದರು. ಕೊನೆಗೆ ಅರಸನಿಗೆ ಬೇರೊಬ್ಬರನ್ನು ಹಾಕಿ, ರಾಣಿಯ ಪಾತ್ರ ಕಂಡಕ್ಟರೇ ಮಾಡುವುದೆಂದು ತೀರ್ಮಾನವಾಯಿತು. ಅವರು ಕೂಡಲೇ ಒಪ್ಪಿದರಂತೆ. ನನಗೆ ಈ ಸುದ್ದಿ ಕೇಳಿದಾಗ ಎಲ್ಲ ತಿಳಿದ ಹಾಗಾಯಿತು. ಇದಕ್ಕಾಗಿಯಾ, ಇಷ್ಟಕ್ಕಾ ಎಂದು ಶಾಲೆಯ ಖಾಲಿ ಕೋಣೆಯಲ್ಲಿ ಕೂತು ಅತ್ತೆ.

ಸುಳ್ಯದಲ್ಲಿ ಆದದ್ದನ್ನು ಪಂಡಿತರು ಹೇಳಿದರು. ಪರದೆ ಎದ್ದಾಗಲೇ ಮುಂದಿನ ಸಾಲಿನಲ್ಲಿ ಗುಸುಗುಸು. ಅಲ್ಲಿನವರು ಹೆಂಗಸರು ಪಾತ್ರ ಮಾಡುವುದನ್ನು ಆಗಲೇ ನೋಡಿ ಅಭ್ಯಾಸವಾದವರು. ರಾಣಿಯ ಕುತ್ತಿಗೆಯ ಗಂಟಲುಮಣಿ ಲೈಟಿಗೆ ಎದ್ದು ಕಂಡಿತು. ಆದರೂ ಅವರು ಆ ಸ್ವರದಲ್ಲಿ ಮಾತಾಡಿ ಜನರನ್ನು ಸ್ವಲ್ಪ ಸ್ವಲ್ಪವೇ ಹಿಡಿಯುತ್ತಾ ಬಂದರಂತೆ. ಬಟ್ಟಲು ಕೆಳಗಿಟ್ಟು ಅರಸನ ಹೆಗಲಿಗೆ ಕೈ ಹಾಕಿದಾಗ ಹಿಂದಿನಿಂದ ಯಾರೋ ಶಿಳ್ಳೆ ಹಾಕಿದ. ಒಬ್ಬ ನಕ್ಕ. ಆಮೇಲೆ ಮೈದಾನವೇ ನಕ್ಕಿತು. ಅವರು ಅರ್ಧಕ್ಕೆ ನಿಲ್ಲಿಸಲಿಲ್ಲ. ಕೈ ಎತ್ತಿದರು, ಕೆಳಗೆ ಬಿದ್ದರು, ಜನ ನಗುತ್ತಿರುವಾಗಲೇ ಪೂರ್ತಿ ಸತ್ತರು. ಆಮೇಲೆ ಅವರು ಬಣ್ಣ ಹಚ್ಚಲಿಲ್ಲ.

ನಾನು ವರ್ಗ ಕೇಳಿಕೊಂಡು ಸುಳ್ಯ ತಾಲೂಕಿನ ಮರ್ಕಂಜಕ್ಕೆ ಹೋದೆ. ಶಾಲೆಯ ಹತ್ತಿರ ಎರಡು ಕೋಣೆಯ ಮನೆ ಹಿಡಿದೆ. ಯಜಮಾನರು ಪುತ್ತೂರಿನಲ್ಲೇ ಸ್ವಂತ ವ್ಯಾಪಾರ ಶುರುಮಾಡಿ, ಇನ್ನೊಂದು ಸಂಸಾರ ಮಾಡಿಕೊಂಡರು ಎಂದು ಗೊತ್ತಾಯಿತು. ಕೋರ್ಟಿಗೆ ಹೋಗು ಎಂದು ನನ್ನ ತಮ್ಮ ಹೇಳಿದ. ಯಾವುದನ್ನು ವಾಪಸು ಕೇಳಬೇಕೆಂದು ನನಗೆ ತಿಳಿಯಲಿಲ್ಲ. ಮರ್ಕಂಜದಲ್ಲಿ ಯಾರೂ ಕೆಟ್ಟದಾಗಿ ಮಾತಾಡಲಿಲ್ಲ. ಹಬ್ಬಕ್ಕೆ ಪಾಯಸ ಕಳಿಸುತ್ತಿದ್ದರು. ಆದರೆ ಸಂಜೆ ಮಕ್ಕಳು ಮನೆಗೆ ಹೋದ ಮೇಲೆ, ಮರುದಿನ ಬೆಳಿಗ್ಗೆ ಅವರು ಬರುವವರೆಗೆ, ನನ್ನ ಸ್ವರ ನನಗೇ ಕೇಳುತ್ತಿರಲಿಲ್ಲ. ಕೆಲವೊಮ್ಮೆ ಅದು ಉಂಟೋ ಇಲ್ಲವೋ ನೋಡಲು ಸುಮ್ಮನೆ ಏನಾದರೂ ಗಟ್ಟಿಯಾಗಿ ಹೇಳುತ್ತಿದ್ದೆ.

ಹೀಗೆ ಎಂಬತ್ತರ ದಶಕ ಅರ್ಧ ದಾಟಿತ್ತು. ಒಂದು ಮಧ್ಯಾಹ್ನ ಶಾಲೆ ಬಿಡುವ ಹೊತ್ತಿಗೆ ಜಗುಲಿಯ ಬೆಂಚಿನಲ್ಲಿ ಒಬ್ಬರು ಕೂತಿದ್ದರು. ಬಿಳಿ ಅಂಗಿ, ಕುತ್ತಿಗೆಗೆ ಮಫ್ಲರು. ಯಾರದೋ ಅಜ್ಜ ಎಂದುಕೊಂಡೆ. ಎದ್ದು ನಿಂತಾಗ ಆ ಜಾರಿದ ಭುಜದಿಂದ ಗುರುತು ಸಿಕ್ಕಿತು.

"ಟೀಚರೇ" ಎಂದರು. ಗಂಟಲಿಗೆ ಕಾಯಿಲೆಯಾಗಿ, ಮಂಗಳೂರಿನಲ್ಲಿ ಔಷಧ ಆಗಿ, ಸ್ವರ ಹೋಗಿತ್ತು. ಒಣಗಿದ ತರಗೆಲೆ ತುಳಿದ ಹಾಗೆ ಒಂದು ಸದ್ದು ಮಾತ್ರ ಬರುತ್ತಿತ್ತು. ಕೇಳಬೇಕಾದರೆ ಹತ್ತಿರ ಹೋಗಬೇಕಿತ್ತು. ನನಗೆ ಹತ್ತಿರ ಹೋಗಲು ಮನಸ್ಸಿರಲಿಲ್ಲ. ಆದರೂ ಹೋಗಿ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತೆ.

"ಪುತ್ತೂರಿಗೆ ಹೋಗಿದ್ದೆ. ನಿಮ್ಮ ಯಜಮಾನ್ರನ್ನು ಕಂಡು ಬಂದೆ. ಅಂಗಡಿಯಲ್ಲಿ ಇದ್ರು. ಎಲ್ಲ ಹೇಳಿದೆ. ನಾನೇ ಜೀಪಿಗೆ ಹತ್ತಿಸಿದ್ದು, ಪಂಡಿತ್ರನ್ನು ನಾನೇ ಕೂರಿಸಿದ್ದು."

ಇಷ್ಟು ಹೇಳಿ ಉಸಿರು ತೆಗೆದುಕೊಂಡರು.

"ಈಗ ಯಾಕೆ ಹೇಳಿದ್ದು?" ಎಂದೆ.

"ಈ ಸದ್ದೂ ಇನ್ನು ಹೆಚ್ಚು ದಿನ ಇರ್ಲಿಕ್ಕಿಲ್ಲ. ಅದು ಹೋಗುವ ಮೊದಲು ಹೇಳುವ ಅಂತ."

ಅವರೇ ಮುಂದುವರಿಸಿದರು.

"ಅವರು ಬಯ್ಲಿಲ್ಲ ಟೀಚರೇ. ಬಯ್ತಾರೆ ಅಂತಲೇ ಹೋದದ್ದು. 'ಅದು ನನಗೆ ಆಗಲೇ ಗೊತ್ತಿತ್ತು' ಅಂದ್ರು. ಪಂಡಿತ್ರು ಹೇಳಿದ್ದು ನಿಜ ಅಂತ ಆವತ್ತೇ ಗೊತ್ತಿತ್ತಂತೆ."

"ಮತ್ತೆ?"

"'ಜೀಪಿನ ವಿಷಯ ಅಲ್ಲ' ಅಂದ್ರು. 'ಆವತ್ತು ಅವಳು ಸ್ಟೇಜಿನಲ್ಲಿ ಸಾಯುವಾಗ ಊರೇ ಅತ್ತಿತು. ಅವಳ ಒಳಗೆ ಅಷ್ಟೆಲ್ಲ ಉಂಟು ಅಂತ ನನಗೆ ಗೊತ್ತೇ ಇರ್ಲಿಲ್ಲ. ನನಗೆ ಒಂದು ದಿನವೂ ತೋರಿಸದ್ದನ್ನು ಸಾವಿರ ಜನಕ್ಕೆ ತೋರಿಸಿದ್ಲು. ನನಗೆ ಅದು ತಡ್ಕೊಳ್ಳಿಕ್ಕೆ ಆಗ್ಲಿಲ್ಲ. ಜೀಪಿನ ಮಾತು ಒಂದು ಸಿಕ್ಕಿತು, ಹಿಡ್ಕೊಂಡೆ' ಅಂದ್ರು. ಮತ್ತೆ ಗಿರಾಕಿ ಬಂದ್ರು. ನಾನು ಎದ್ದು ಬಂದೆ."

ಶಾಲೆಯ ಅಂಗಳದಲ್ಲಿ ಮಕ್ಕಳು ಬೀಳಿಸಿಹೋದ ಒಂದು ಚಪ್ಪಲಿ ಬಿದ್ದಿತ್ತು. ಅದನ್ನೇ ನೋಡುತ್ತಾ ಕೂತಿದ್ದೆ. ಇಷ್ಟು ವರ್ಷ ನಾನು ಒಬ್ಬರ ಮೌನವನ್ನು ದೂರುತ್ತಾ ಬದುಕಿದ್ದೆ. ಆ ಮೌನ ಮುರಿದಿದ್ದರೂ ಏನೂ ಬದಲಾಗುತ್ತಿರಲಿಲ್ಲ ಎಂದು ಈಗ ಗೊತ್ತಾಯಿತು. ಹಗುರವಾಗಬೇಕಿತ್ತು. ಆಗಲಿಲ್ಲ. ದೂರುವುದಕ್ಕೆ ಇದ್ದ ಒಬ್ಬರೂ ಹೋದ ಹಾಗಾಯಿತು.

"ನೀವು ಯಾಕೆ ಹೇಳ್ಲಿಲ್ಲ ಕಂಡಕ್ಟ್ರೆ? ಅದು ಹೇಳಿ ನನಗೆ. ಹೇಳಿದ್ರೆ ಪ್ರಯೋಜನ ಇರ್ಲಿಲ್ಲ, ಸರಿ. ಆದ್ರೆ ಆಗ ನಿಮಗೆ ಅದು ಗೊತ್ತಿರ್ಲಿಲ್ಲ."

ಅವರು ಮಫ್ಲರನ್ನು ಸಡಿಲ ಮಾಡಿಕೊಂಡರು.

"ನನ್ನ ಸಾವನ್ನು ನೀವು ತಕ್ಕೊಂಡ್ರಿ" ಎಂದರು. "ಕೊಟ್ಟದ್ದು ನಾನೇ. ಜಗುಲಿಯಲ್ಲಿ ತೋರಿಸಿ ಕೊಟ್ಟೆ. ಇಷ್ಟು ಒಳ್ಳೆದಾಗಿ ಮಾಡ್ತೀರಿ ಅಂತ ಎಣಿಸಿರ್ಲಿಲ್ಲ. ನನಗೆ ಮನೆ ಇಲ್ಲ, ಮಕ್ಕಳಿಲ್ಲ. ವರ್ಷಕ್ಕೊಮ್ಮೆ ಅಲ್ಲಿ ಸತ್ತಾಗ ಜನ ನನಗೆ ಅಳ್ತಿದ್ರು, ಅಷ್ಟೇ ಇದ್ದದ್ದು. ಯಜಮಾನ್ರು ಕೇಳಿದಾಗ 'ಹೌದು' ಅಂತ ಬಾಯಿಗೆ ಬಂತು. ಅದರ ಮುಂದಿನ ಮಾತು ಬರ್ಲಿಲ್ಲ. ತರ್ಬೇಕು ಅಂತ ನೋಡಿದೆ. ಹೊಟ್ಟೆ ಉರಿ ಬಿಡ್ಲಿಲ್ಲ."

ಕ್ಷಮಿಸಿ ಎಂದು ಅವರು ಕೇಳಲಿಲ್ಲ. ಕೇಳಿದ್ದರೆ ನಾನು ಎದ್ದು ಹೋಗುತ್ತಿದ್ದೆನೋ ಏನೋ. ಮನೆಗೆ ಕರೆದುಕೊಂಡು ಹೋಗಿ ಗಂಜಿ ಮಾಡಿ, ತಣಿಸಿ ಕೊಟ್ಟೆ. ಬಿಸಿಯಾದದ್ದು ಅವರ ಗಂಟಲಿಗೆ ಆಗುತ್ತಿರಲಿಲ್ಲ. ಬಟ್ಟಲು ತೊಳೆಯಲು ಎದ್ದವರನ್ನು ತಡೆದೆ. ಸಂಜೆಯ ಬಸ್ಸಿಗೆ ಹತ್ತಿಸಿದೆ.

ಆಮೇಲೆ ಎರಡು ತಿಂಗಳಿಗೋ ಮೂರು ತಿಂಗಳಿಗೋ ಒಮ್ಮೆ ಬರುತ್ತಿದ್ದರು. ನಾನು ಕರೆದಿರಲಿಲ್ಲ. ಬರಬೇಡಿ ಎಂದೂ ಹೇಳಲಿಲ್ಲ. ಜಗುಲಿಯಲ್ಲಿ ಕೂರುವುದು, ನಾನು ಮಕ್ಕಳ ಪಟ್ಟಿ ಪುಸ್ತಕ ತಿದ್ದುವುದು, ಗಂಜಿ ಕುಡಿಯುವುದು, ಹೋಗುವುದು. ಮಾತು ಇರುತ್ತಿರಲಿಲ್ಲ. ಕೊನೆಕೊನೆಗೆ ಆಡಲು ಅವರಿಗೆ ಸಾಧ್ಯವೂ ಇರಲಿಲ್ಲ. ಒಮ್ಮೆ ಏಳನೆಯ ಕ್ಲಾಸಿನ ಹುಡುಗಿಯರು ವಾರ್ಷಿಕೋತ್ಸವಕ್ಕೆ ನಾಟಕ ಕಲಿಯುತ್ತಿದ್ದಾಗ ಬಂದರು. ಒಬ್ಬಳು ಅಳುವ ಪಾತ್ರದಲ್ಲಿ ಕಿರುಚುತ್ತಿದ್ದಳು. ಅವರು ನನ್ನ ಕಡೆ ನೋಡಿದರು. ನಾನೂ ನೋಡಿದೆ. ಇಬ್ಬರಿಗೂ ನಗು ಬಂತು. ಎಷ್ಟೋ ವರ್ಷಗಳ ನಂತರ ನಾನು ಇನ್ನೊಬ್ಬರ ಜೊತೆ ಸೇರಿ ನಕ್ಕದ್ದು ಅದು. ಬಸ್ಸು ಹೋದ ಮೇಲೆ ನನಗೆ ನನ್ನ ಮೇಲೇ ಸಿಟ್ಟು ಬಂತು. ಅವರನ್ನು ಕ್ಷಮಿಸಿದ್ದೆನೆಂದು ಇವತ್ತಿಗೂ ನನಗೆ ಹೇಳಲಾಗದು. ಆದರೆ ಮುಂದಿನ ಸಲ ಬರುವುದು ತಡವಾದಾಗ, ಬಸ್ಸಿನ ಸದ್ದಿಗೆ ಕಿಟಕಿಯ ಹತ್ತಿರ ಹೋಗಿ ನಿಂತೆ.

ಅವರು ತೀರಿಕೊಂಡ ಸುದ್ದಿಯನ್ನು ಹಳೆಯ ಡ್ರೈವರು ಬಸ್ಸಿನವರ ಬಾಯಿಯಲ್ಲಿ ಹೇಳಿ ಕಳಿಸಿದರು. ಶಾಲೆಗೆ ರಜೆ ಹಾಕಿ, ಬಸ್ಸು ಬದಲಾಯಿಸಿ ಕಡಬಕ್ಕೆ ಹೋದೆ. ಮಿಲ್ಲಿನ ಹಿಂದಿನ ಕೋಣೆಯ ಎದುರು ಖಾಕಿ ಅಂಗಿಯ ಏಳೆಂಟು ಮಂದಿ ನಿಂತಿದ್ದರು. ಹೆಂಗಸರು ಯಾರೂ ಇರಲಿಲ್ಲ. ಅವರನ್ನು ಚಾಪೆಯ ಮೇಲೆ ಮಲಗಿಸಿದ್ದರು. ಕಾಯಿಲೆಯಲ್ಲಿ ಇಳಿದ ಮುಖ ಬಹಳ ಸಣ್ಣದಾಗಿತ್ತು.

"ಬಾಯಿಗೆ ನೀರು ಬಿಡ್ಲಿಕ್ಕೆ ಸಂಬಂಧದವರು ಯಾರಾದ್ರೂ ಇದ್ದಾರಾ?" ಎಂದು ಅಲ್ಲಿದ್ದ ಹಿರಿಯರೊಬ್ಬರು ಕೇಳಿದರು. ಯಾರೂ ಮುಂದೆ ಬರಲಿಲ್ಲ. ನಾನು ಚೊಂಬು ತೆಗೆದುಕೊಂಡೆ.

ಹಿರಿಯರು ಡ್ರೈವರ ಹತ್ತಿರ ತಗ್ಗಿದ ಸ್ವರದಲ್ಲಿ, "ಇವರು ಯಾರು?" ಎಂದರು.

"ಟೀಚರು" ಎಂದರು ಡ್ರೈವರು.

"ಯಾರ ಟೀಚರು? ಇವನಿಗೆ ಕಲಿಸಿದವರಾ?"

"ಅಲ್ಲ" ಎಂದೆ ನಾನು, ತುಳಸಿ ಎಲೆಯಿಂದ ಅವರ ತುಟಿಗೆ ನೀರು ಬಿಡುತ್ತಾ. "ನನಗೆ ಕಲಿಸಿದವರು ಇವರು."

ಹಿರಿಯರು ತಲೆಯಾಡಿಸಿ, ಹಾಗಾದರೆ ಸರಿ ಎಂಬಂತೆ ಪಕ್ಕಕ್ಕೆ ಸರಿದು ನನಗೆ ಜಾಗ ಮಾಡಿಕೊಟ್ಟರು. ನಾನು ಅವರ ತಲೆಯ ಹತ್ತಿರ ನೆಲದಲ್ಲಿ ಕೂತೆ. ಹೊತ್ತುಕೊಂಡು ಹೋಗುವವರೆಗೂ ಅಲ್ಲಿ ಕೂತು ಅತ್ತವಳು ನಾನೊಬ್ಬಳೇ.